ಟ್ರಂಕಿನೊಳಗಿನ ಫಾರ್ಸಿ ಕಾಗದವೂ ಬೀದರ್‌ನ ಗೋಡೆಯೂ

ಕಳೆದ ದಸರಾ ರಜೆಯಲ್ಲಿ ನಾವು ಹರಪನಹಳ್ಳಿಗೆ ಹೋಗಿದ್ದೆವು. ಅಲ್ಲಿ ನನ್ನ ಅಕ್ಕನ ಮನೆ ಇದೆ. ಭಾವ ಇಪ್ಪತ್ತು ವರ್ಷಗಳ ಹಿಂದೆ ಊರು ಬಿಟ್ಟು ಅಲ್ಲಿ ಬೇಕರಿ ಹಾಕಿದವರು. ಘಟ್ಟದ ಮೇಲೆ ಯಾವ ಪೇಟೆಗೆ ಹೋದರೂ ನಮ್ಮವರದ್ದೊಂದು ಬೇಕರಿಯೋ ಹೋಟೆಲೋ ಸಿಗುವುದು ಹೊಸತೇನಲ್ಲ. ಸಮೀಕ್ಷೆಯ ಕಾರಣಕ್ಕೆ ಶಾಲೆಯ ರಜೆ ಅಕ್ಟೋಬರ್ 18ರ ತನಕ ಮುಂದೆ ಹೋದದ್ದರಿಂದ, "ಹೇಗೂ ಹೋಗ್ತೀವಿ, ಹಂಪಿ, ಕಲಬುರಗಿ, ಬೀದರ್ ಕೂಡ ನೋಡಿ ಬರೋಣ ಉಪ್ಪಾ" ಎಂದು ಮಕ್ಕಳು ಹಟ ಹಿಡಿದರು. ಒಪ್ಪಿದೆ. ಗಲ್ಫಿನ ಎಲ್ಲ ಊರುಗಳ ಹೆಸರು ಬಾಯಿಪಾಠ ಇರುವ ನಮ್ಮ ಮಕ್ಕಳಿಗೆ ಬೀದರ್ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸಲು ಬರುವುದಿಲ್ಲ ಎಂಬ ಬೇಸರ ನನಗೂ ಇತ್ತು.

ಪ್ರವಾಸದ ಕಥೆ ಹೇಳುವುದು ನನ್ನ ಉದ್ದೇಶ ಅಲ್ಲ. ಹರಪನಹಳ್ಳಿಯಲ್ಲಿ ಎರಡನೇ ರಾತ್ರಿ ಒಂದು ಕಾಗದ ನನ್ನ ಕೈಗೆ ಬಂತು. ಆಮೇಲೆ ನೋಡಿದ ಪ್ರತಿಯೊಂದು ಜಾಗದಲ್ಲೂ ಆ ಕಾಗದವೇ ಕಣ್ಣಮುಂದೆ ಇತ್ತು. ಅದಕ್ಕಾಗಿ ಬರೆಯುತ್ತಿದ್ದೇನೆ.

ಅಕ್ಕನ ಮಗಳನ್ನು ಅಲ್ಲಿಯದೇ ದಖನಿ ಉರ್ದು ಮಾತಾಡುವ ಮನೆಗೆ ಕೊಟ್ಟಿದ್ದಾರೆ. ಆಕೆಯ ಮಾವ ಹತ್ತಿರದ ಹಳ್ಳಿಯೊಂದರ ಸಣ್ಣ ಮಸೀದಿ ಮತ್ತು ಪಕ್ಕದ ದರ್ಗಾದ ಮುತವಲ್ಲಿ. ಇಶಾ ಆದ ಮೇಲೆ ಊಟಕ್ಕೆ ಕರೆದಿದ್ದರು. ಊಟ ಮುಗಿದದ್ದೇ ಒಳಗಿನಿಂದ ತಗಡಿನ ಟ್ರಂಕು ತಂದರು. ಟ್ರಂಕಿನೊಳಗೆ ಒಂದು ಹಸಿರು ಬಟ್ಟೆ, ಬಟ್ಟೆಯೊಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ನಾಲ್ಕು ಮಡಿಕೆಯ ಕಂದು ಕಾಗದ. "ಉಸ್ತಾದ್ರು ಬಂದೀರಿ. ನಮ್ಮ ತಾತನ ಕಾಲದ ಸನದು. ಓದಿ ಹೇಳ್ರಿ" ಎಂದರು.

ಕಾಗದವನ್ನು ದೀಪದ ಕೆಳಗೆ ಹಿಡಿದೆ. ಮೇಲೆ ಗುಂಡಗಿನ ಮೊಹರು. ಕೆಳಗೆ ಹದಿನಾಲ್ಕು ಸಾಲು. ಅಕ್ಷರ ನಮ್ಮದೇ, ಅಲಿಫ್, ಬಾ, ತಾ. ಆದರೆ ಒಂದರೊಳಗೊಂದು ಹೆಣೆದುಕೊಂಡು, ಚುಕ್ಕೆಗಳೇ ಇಲ್ಲದೆ, ಬಳ್ಳಿಯ ಹಾಗೆ ಓಡುವ ಬರಹ. ಅದಕ್ಕೆ ಶಿಕಸ್ತ ಎನ್ನುತ್ತಾರೆ, ಮುರಿದ ಬರಹ ಎಂದರ್ಥ. ಹಿಂದಿನ ಕಚೇರಿಗಳ ಗುಮಾಸ್ತರು ಬೇಗ ಬರೆಯಲು ಬಳಸುತ್ತಿದ್ದದ್ದು. ಮೂರನೇ ಸಾಲಿನಲ್ಲಿ "ಮಸ್ಜಿದ್" ಎಂಬುದು ಗೊತ್ತಾಯಿತು. ಇನ್ನೊಂದು ಕಡೆ "ಚರಾಗ್" ಅಂದರೆ ದೀಪ ಇರಬೇಕು ಅನಿಸಿತು. ಅಷ್ಟೇ. ಇಪ್ಪತ್ತು ವರ್ಷ ಮದ್ರಸದಲ್ಲಿ ಅರಬಿ ಕಲಿಸಿದವನು ನಾನು. ಮನೆಯವರೆಲ್ಲ ಸುತ್ತ ಕೂತು ನನ್ನ ಬಾಯಿ ನೋಡುತ್ತಿದ್ದರು. ಹತ್ತು ನಿಮಿಷ ನೋಡಿ, "ಇದು ಅರಬಿ ಅಲ್ಲ, ಫಾರ್ಸಿ. ನನಗೆ ಬರುವುದಿಲ್ಲ" ಎಂದೆ. ಬೀಗರು ಏನೂ ಹೇಳಲಿಲ್ಲ, ಆದರೆ ಕಾಗದ ಮಡಚುವಾಗ ಅವರ ಮುಖ ನೋಡಬೇಕಿತ್ತು.

ಇಷ್ಟು ವರ್ಷ ಟ್ರಂಕಿನಲ್ಲಿದ್ದ ಕಾಗದ ಈಗ ಯಾಕೆ ಹೊರಗೆ ಬಂತು ಎಂಬುದು ಓದುಗರಿಗೆ ಗೊತ್ತೇ ಇದೆ. ವಕ್ಫ್ ತಿದ್ದುಪಡಿ ಕಾಯ್ದೆಗೆ 2025ರ ಏಪ್ರಿಲ್ 5ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಏಪ್ರಿಲ್ 8ರಿಂದ ಜಾರಿ. ಜೂನ್ 6ಕ್ಕೆ 'ಉಮೀದ್' ಪೋರ್ಟಲ್ ಶುರುವಾಯಿತು. ಆರು ತಿಂಗಳೊಳಗೆ ಪ್ರತಿಯೊಂದು ವಕ್ಫ್ ಆಸ್ತಿಯ ವಿವರ ಅದರಲ್ಲಿ ಏರಿಸಬೇಕು ಎಂದರು. ಅಂದರೆ ಡಿಸೆಂಬರ್ 6. ಮುತವಲ್ಲಿ ತುಂಬಬೇಕು, ಇನ್ನೊಬ್ಬ ಅಧಿಕಾರಿ ಪರಿಶೀಲಿಸಬೇಕು, ಮೂರನೆಯವರು ಒಪ್ಪಬೇಕು. ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಕೆಲವು ಅಂಶಗಳನ್ನು ತಡೆಹಿಡಿಯಿತು, ನೋಂದಣಿಯನ್ನು ತಡೆಹಿಡಿಯಲಿಲ್ಲ. ಡಿಸೆಂಬರ್ 1ರಂದು ಗಡುವು ವಿಸ್ತರಿಸಲೂ ಒಪ್ಪದೆ, ಬೇಕಾದವರು ವಕ್ಫ್ ನ್ಯಾಯಮಂಡಳಿಗೆ ಹೋಗಿ ಎಂದಿತು.

ನಮ್ಮ ಜಮಾಅತ್‌ಗಳಲ್ಲಿ ಆ ಆರು ತಿಂಗಳು ಏನು ನಡೆಯಿತು? ಸಭೆ, ಮನವಿ, ಪ್ರತಿಭಟನೆ. ಅವು ಬೇಡ ಎನ್ನುವುದಿಲ್ಲ, ನಾನೂ ಹೋಗಿದ್ದೆ. ಆದರೆ ಆಸ್ತಿ ಯಾರದ್ದು ಎಂಬ ವಾದದಲ್ಲಿ, ಆಸ್ತಿಯ ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಿದವರು ಎಷ್ಟು ಜನ?

ಕರಾವಳಿಯಲ್ಲಿ ನಮಗೆ ಈ ತೊಂದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮ ಹಿರಿಯರಿಗೆ ದೀನ್ ಬಂದದ್ದು ಕಡಲ ದಾರಿಯಲ್ಲಿ, ಅರಬರ ಹಾಯಿ ಹಡಗಿನ ಜೊತೆ. ನಾವು ನಿಸ್ಕಾರ ಎನ್ನುತ್ತೇವೆ, ನೋಂಬು ಎನ್ನುತ್ತೇವೆ, ಪಳ್ಳಿ ಎನ್ನುತ್ತೇವೆ. ಎಲ್ಲ ಈ ನೆಲದ ಮಾತು. ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ನಮಾಝ್, ರೋಝಾ. ಅವೆರಡೂ ಅರಬಿ ಅಲ್ಲ, ಫಾರ್ಸಿ. ಅಲ್ಲಿ ಇಸ್ಲಾಂ ಬಂದದ್ದು ನೆಲದ ದಾರಿಯಲ್ಲಿ, ಇರಾನ್, ಮಧ್ಯ ಏಷ್ಯಾ, ದಿಲ್ಲಿ, ದಖನ್ ಹೀಗೆ. ಬಹಮನಿಗಳು, ಆದಿಲ್‌ಶಾಹಿಗಳು, ಮೊಘಲರು, ನಿಝಾಮರು, ನಮ್ಮ ಟಿಪ್ಪು ಸುಲ್ತಾನರು, ಇವರೆಲ್ಲರ ಕಚೇರಿಯ ದೊಡ್ಡ ಭಾಷೆ ಫಾರ್ಸಿ. ಹಾಗಾಗಿ ಕಲ್ಯಾಣ ಕರ್ನಾಟಕದ ಯಾವುದೇ ಹಳೇ ಮಸೀದಿ, ದರ್ಗಾ, ಮಠ, ದೇವಸ್ಥಾನಕ್ಕೆ ಕೊಟ್ಟ ಇನಾಮಿನ ಕಾಗದ ಫಾರ್ಸಿಯಲ್ಲಿ ಇರುವ ಸಾಧ್ಯತೆ ಜಾಸ್ತಿ.

ಆ ಭಾಷೆ ಹೋಯಿತು, ಮಾತು ಉಳಿಯಿತು. ಸರಕಾರ, ಜಮೀನು, ದಸ್ತಾವೇಜು, ಗುಮಾಸ್ತ, ದರ್ಖಾಸ್ತು, ಬಂದೋಬಸ್ತು ಎಲ್ಲ ಅಲ್ಲಿಂದ ಬಂದದ್ದೇ. ತಾಲೂಕು ಕಚೇರಿಯಲ್ಲಿ ದಿನಾ ಫಾರ್ಸಿ ಮಾತಾಡುವ ಕನ್ನಡಿಗರಿಗೆ ಅದು ಫಾರ್ಸಿ ಎಂದು ಗೊತ್ತಿಲ್ಲ, ಅಷ್ಟೇ. ಭಾವನ ಬೇಕರಿಯಲ್ಲಿ ಗಾಜಿನ ಡಬ್ಬಿ ತುಂಬ ಇರುವ ನಾನ್‌ಖಟಾಯಿಯ "ನಾನ್" ಕೂಡ ಫಾರ್ಸಿಯ ರೊಟ್ಟಿ. ಇದನ್ನು ಹೇಳಿದಾಗ ಭಾವ, "ಇಷ್ಟು ವರ್ಷ ಮಾರಿದ್ದೇನೆ, ಈಗ ಗೊತ್ತಾಯ್ತು" ಎಂದು ನಕ್ಕರು.

ಹರಪನಹಳ್ಳಿಯ ವಿಷಯದಲ್ಲಿ ಇನ್ನೊಂದು ತೊಡಕು. ಕಾಗದದ ಜೋಡಿ ದಾಖಲೆ ಯಾವ ಕಚೇರಿಯಲ್ಲಿ ಹುಡುಕುವುದು? ಪಾಳೆಯಗಾರರ ಊರು ಅದು. 1800ರಲ್ಲಿ ನಿಝಾಮರು ಬಳ್ಳಾರಿ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಾಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಹಾಕಿದರು. 371(ಜೆ) ಸೌಲಭ್ಯ ತಪ್ಪಿ ಹೋಯಿತೆಂದು ಜನ ಹೋರಾಡಿ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿಸಿಕೊಂಡರು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಇಪ್ಪತ್ತೈದು ವರ್ಷದೊಳಗೆ ಒಂದು ತಾಲೂಕು ಮೂರು ಸಲ ಜಿಲ್ಲೆ ಬದಲಿಸಿದೆ. ಪ್ರತಿ ಸಲ ಕಡತಗಳೂ ಗಂಟು ಕಟ್ಟಿಕೊಂಡು ಹೊರಡುತ್ತವೆ, ಎಲ್ಲವೂ ತಲುಪುತ್ತವೆ ಎಂದೇನಿಲ್ಲ. ಬೀಗರು ಮೂರು ಊರಿನ ಕಚೇರಿ ಅಲೆದು ಬಂದಿದ್ದರು. ಒಂದು ಕಡೆ, "ಇದು ಉರ್ದು, ನಮ್ಮಲ್ಲಿ ಓದೋರಿಲ್ಲ" ಎಂದರಂತೆ. ಅದು ಉರ್ದುವೂ ಅಲ್ಲ ಎಂದು ಹೇಳಲು ಇವರಿಗೂ ಗೊತ್ತಿರಲಿಲ್ಲ.

ಆದರೆ 371(ಜೆ) ಬಂದದ್ದರಿಂದ ಹರಪನಹಳ್ಳಿಯ ಮಕ್ಕಳಿಗೆ ಉಪಕಾರ ಆಗಿದೆ, ಅದನ್ನು ಒಪ್ಪಬೇಕು. ಅಕ್ಕನ ಮಗನಿಗೆ ಕಾಲೇಜಿನ ಸೀಟು ಸಿಕ್ಕಿದ್ದೇ ಆ ಕೋಟಾದಲ್ಲಿ. ಹಾಗೆ ನೋಡಿದರೆ ಈಗ ಹರಪನಹಳ್ಳಿ, ಕಲಬುರಗಿ, ಬೀದರ್ ಎಲ್ಲ ಒಂದೇ ಕಲ್ಯಾಣ ಕರ್ನಾಟಕ.

ಮರುದಿನ ಹಗರಿಬೊಮ್ಮನಹಳ್ಳಿ ದಾರಿಯಾಗಿ ಹೊಸಪೇಟೆ, ಅಲ್ಲಿಂದ ಹಂಪಿ. ದಾರಿಯಲ್ಲಿ ಮಕ್ಕಳಿಗೆ ಅಬ್ದುಲ್ ರಝಾಕ್‌ನ ಕಥೆ ಹೇಳಿದೆ. ನಮ್ಮವರಿಗೆ ಈತನ ಪರಿಚಯ ಇರಲೇಬೇಕು. ಹೆರಾತ್‌ನವನು, ತೈಮೂರನ ಮಗ ಶಾರುಖ್ ಬಾದಶಾಹನ ರಾಯಭಾರಿ. 1442ರಲ್ಲಿ ಹಡಗಿನಲ್ಲಿ ಕಲ್ಲಿಕೋಟೆಗೆ ಬಂದ. ವಿಜಯನಗರದ ಎರಡನೇ ದೇವರಾಯ ಕರೆಸಿಕೊಂಡಾಗ ಹೊರಟದ್ದು ನಮ್ಮ ಮಂಗಳೂರಿನ ಮೂಲಕ. ಮಂಗಳೂರಿನ ಹತ್ತಿರ ಲೋಹದಲ್ಲಿ ಎರಕ ಹೊಯ್ದ ದೇವಾಲಯ ಕಂಡು ಬೆರಗಾಗಿದ್ದನ್ನು ಬರೆದಿದ್ದಾನೆ. ಘಟ್ಟ ಹತ್ತಿ 1443ರ ಏಪ್ರಿಲ್ ಕೊನೆಗೆ ಹಂಪಿ ಮುಟ್ಟಿದ. ಏಳು ಸುತ್ತಿನ ಕೋಟೆ, ಪೇಟೆಯ ಹೂವು, ಮಹಾನವಮಿಯ ಸಂಭ್ರಮ, ಎಲ್ಲ ಬರೆದಿಟ್ಟ, ಫಾರ್ಸಿಯಲ್ಲಿ. ಹಂಪಿಯ ವೈಭವ ಎಂದು ಶಾಲೆಯ ಪುಸ್ತಕದಲ್ಲಿ ಓದುವುದರಲ್ಲಿ ಒಂದು ಪಾಲು ಈ ಫಾರ್ಸಿ ಬರಹದಿಂದ ಬಂದದ್ದು. "ಅವನೂ ನಮ್ಮ ಹಾಗೆ ಮಂಗಳೂರಿನಿಂದ ಬಂದದ್ದಾ?" ಎಂದು ಸಣ್ಣವನು ಕೇಳಿದ. ಹೌದು, ಆದರೆ ಅವನಿಗೆ ಬಸ್ಸು ಇರಲಿಲ್ಲ.

ಹಂಪಿಯಲ್ಲಿ ಅಹ್ಮದ್ ಖಾನ್ ಮಸೀದಿ ಎಂಬ ಕಟ್ಟಡ ಇದೆ. ಹೋಗುವವರು ಕಡಿಮೆ. ಕಂಬದ ಮಂಟಪದ ಹಾಗೆ ಕಾಣುತ್ತದೆ, ಕಮಾನಿಲ್ಲ, ಗುಮ್ಮಟ ಇಲ್ಲ. ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ರಾಜನಿಗೆ ಪುಣ್ಯ ಬರಲೆಂದು ಕಟ್ಟಿಸಿದ್ದು. ಅದರ ಶಾಸನ ಇರುವುದು ಕನ್ನಡದಲ್ಲಿ, ಅದರಲ್ಲಿ ಇದನ್ನು ಧರ್ಮಸಾಲೆ ಎಂದು ಕರೆದಿದೆ. ಯೋಚನೆ ಮಾಡಿ. ಹಂಪಿಯಲ್ಲಿ ಮುಸ್ಲಿಂ ಸೇನಾನಿ ಕಟ್ಟಿಸಿದ ಮಸೀದಿಗೆ ಕನ್ನಡ ಶಾಸನ, ಹರಪನಹಳ್ಳಿಯ ಹಳ್ಳಿಯ ಮಸೀದಿಗೆ ಫಾರ್ಸಿ ಕಾಗದ. ಆವಾಗ ಭಾಷೆಗೆ ಧರ್ಮ ಇರಲಿಲ್ಲ, ಕಚೇರಿ ಇತ್ತು.

ಕಲಬುರಗಿ ದಾರಿಯಲ್ಲಿ ಹೆಚ್ಚು ನಿಲ್ಲಲಿಲ್ಲ. ಸೆಪ್ಟೆಂಬರ್ ಕೊನೆಯ ಮಳೆ ಮತ್ತು ಭೀಮೆಯ ನೆರೆಗೆ ತೊಗರಿ ಹೊಲಗಳು ಕೊಳೆತು ನಿಂತಿದ್ದವು, ನೋಡಲು ಸಂಕಟ. ಖ್ವಾಜಾ ಬಂದೇ ನವಾಝ್‌ರ ಝಿಯಾರತ್ ಮಾಡಿ, ಕೋಟೆಯೊಳಗಿನ 1367ರ ಜಾಮಿಅ ಮಸೀದಿ ನೋಡಿದೆವು. ಅಂಗಳವೇ ಇಲ್ಲದೆ ಪೂರ್ತಿ ಮಾಡು ಇರುವ ಮಸೀದಿ, ಇರಾನಿನ ಕಝ್ವೀನ್ ಊರಿನ ರಫಿ ಎಂಬವನ ಹೆಸರು ಅದರೊಂದಿಗೆ ಇದೆ.

ಬೀದರ್‌ನಲ್ಲಿ ಒಂದೂವರೆ ದಿನ ಇದ್ದೆವು. ಮಹಮೂದ್ ಗಾವಾನ್ ಮದ್ರಸದ ಮುಂದೆ ನಿಂತಾಗ ಯಾರೇ ಮದ್ರಸ ಉಸ್ತಾದನಿಗೆ ಎದೆ ಭಾರ ಆಗುತ್ತದೆ. ಮೂರು ಅಂತಸ್ತು, ಎರಡರಲ್ಲಿ ಒಂದೇ ಮಿನಾರ ಉಳಿದಿದೆ, ನೀಲಿ ಹಸಿರು ಹೆಂಚು ಅಲ್ಲಲ್ಲಿ. ಗಾವಾನ್ ಇರಾನಿನ ಗೀಲಾನ್ ಸೀಮೆಯವರು. ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ವಝೀರರಾದರು. ಮದ್ರಸಕ್ಕೆ ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಇತ್ತೆಂದು ಹೇಳುತ್ತಾರೆ. ಹದಿನೇಳನೇ ಶತಮಾನದ ಕೊನೆಗೆ ಔರಂಗಝೇಬನ ಕಾಲದಲ್ಲಿ ಇಲ್ಲಿ ಮದ್ದು ಇಟ್ಟಿದ್ದು ಸಿಡಿದು ಮುಂಭಾಗದ ಅರ್ಧ ಹೋಯಿತು. ಓದುವ ಜಾಗದಲ್ಲಿ ಸಿಡಿಮದ್ದು ಇಟ್ಟವರು ನಮ್ಮವರೇ ಎಂಬುದನ್ನೂ ಮಕ್ಕಳಿಗೆ ಹೇಳಬೇಕು, ಹೇಳಿದೆ.

ಹೆಂಚಿನ ಮೇಲೆ ಉಳಿದಿರುವ ದೊಡ್ಡ ಬರಹ ಸೂರಃ ಅಝ್ಝುಮರ್‌ನ ವಚನ. ಸ್ವರ್ಗದ ಬಾಗಿಲಲ್ಲಿ ಮಲಕ್‌ಗಳು ಸಲಾಂ ಹೇಳುವ ಭಾಗ. ಅದನ್ನು ಓದಿದೆ, ಅರ್ಥ ಹೇಳಿದೆ, ಮಗಳು ಫೋನಿನಲ್ಲಿ ತೆಗೆದಳು. ಹರಪನಹಳ್ಳಿಯಲ್ಲಿ ಹೋದ ಮಾನ ಸ್ವಲ್ಪ ವಾಪಸ್ ಬಂತು ಅನ್ನಿ. ಮತ್ತೆ ಅಬ್ಜದ್ ಲೆಕ್ಕ ತೋರಿಸಿದೆ. ಅರಬಿ ಅಕ್ಷರಗಳಿಗೆ ಒಂದೊಂದು ಅಂಕಿ ಇದೆ, ಅಲಿಫ್‌ಗೆ 1, ಬಾಗೆ 2, ಹೀಗೆ. ಈ ಮದ್ರಸ ಮುಗಿದ ವರ್ಷವನ್ನು ಆಗಿನ ಕವಿಯೊಬ್ಬರು ಕುರ್‌ಆನ್‌ನ ಮೂರು ಪದದಲ್ಲಿ ಅಡಗಿಸಿದರು. ಕಅಬಾದ ಗೋಡೆ ಏರಿಸುತ್ತಾ ಇಬ್ರಾಹೀಂ ನಬಿ, ನಮ್ಮ ಈ ಕೆಲಸ ಸ್ವೀಕರಿಸು ಎಂದು ಬೇಡಿದ ದುಆದ ಮೊದಲ ಮೂರು ಪದ. ನಮ್ಮ ಮಕ್ಕಳಿಗೆ ಬಾಯಿಪಾಠ ಇರುವುದೇ. ಮಕ್ಕಳು ಮೆಟ್ಟಿಲ ಮೇಲೆ ಕೂತು ಕೂಡಿಸಿದರು. ಮೊದಲ ಪದ 253, ಎರಡನೆಯದು 532, ಮೂರನೆಯದು 91. ಒಟ್ಟು 876. ಹಿಜರಿ 876, ಅಂದರೆ 1471-72. ಲೆಕ್ಕ ಸರಿ ಬಂದಾಗ ಮಕ್ಕಳ ಮುಖದಲ್ಲಿ ಬಂದ ಬೆಳಕು ನೋಡಿ, ಪ್ರವಾಸದ ದುಡ್ಡು ವಸೂಲಾಯಿತು ಅನಿಸಿತು.

ಆದರೆ ಕೋಟೆಯೊಳಗಿನ ರಂಗೀನ್ ಮಹಲ್‌ಗೆ ಹೋದಾಗ ಮತ್ತೆ ಅದೇ ಕಥೆ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಬರೆದ ಫಾರ್ಸಿ ಪದ್ಯ. ಅಷ್ಟೂರಿನ ಅಹ್ಮದ್ ಶಾ ವಲಿಯವರ ಗುಮ್ಮಟದೊಳಗೂ ಚಿನ್ನದ ಬಣ್ಣದ ಬರಹ. ಆ ಸುಲ್ತಾನರನ್ನು ಲಿಂಗಾಯತ ಭಕ್ತರು ಅಲ್ಲಮ ಪ್ರಭು ಎಂದೇ ನಂಬಿ ಉರೂಸಿಗೆ ಬರುತ್ತಾರೆ. ನಾನು ಅಕ್ಷರ ಕೂಡಿಸಿ ಉಚ್ಚರಿಸಬಲ್ಲೆ, ಅರ್ಥ ಇಲ್ಲ. "ಉಪ್ಪಾ, ನೀವು ಓದಿದ್ರಿ, ಆದರೆ ಗೊತ್ತಾಗಲಿಲ್ಲ, ಅಲ್ವಾ?" ಎಂದಳು ಮಗಳು. ನಮ್ಮ ಎಷ್ಟೋ ಮಕ್ಕಳು ಕುರ್‌ಆನ್ ಓದುವುದು ಹಾಗೆಯೇ ಎಂಬುದು ಆ ಕ್ಷಣ ಚುಚ್ಚಿತು. ಅದು ಬೇರೆಯೇ ಲೇಖನಕ್ಕೆ ವಿಷಯ.

ನೌಬಾದ್ ಹತ್ತಿರದ ಕಾರೇಝ್ ನೋಡಿದಾಗ ಮಾತ್ರ ಮನೆಯವಳು, "ಇದು ನಮ್ಮ ಸುರಂಗ ಅಲ್ವಾ?" ಎಂದಳು. ನೆಲದಡಿ ಎರಡು ಕಿಲೋಮೀಟರಿಗೂ ಉದ್ದಕ್ಕೆ ಕೊರೆದ ನೀರಿನ ದಾರಿ, ನಡುನಡುವೆ ಗಾಳಿ ಬಾವಿಗಳು. ಇರಾನಿನ ಕನಾತ್ ಕ್ರಮ. ಮುಚ್ಚಿ ಹೋಗಿದ್ದದ್ದನ್ನು ಗುರುತಿಸಿ ನಕ್ಷೆ ಮಾಡಿದವರಲ್ಲಿ ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಮುಖ್ಯರು. ನಮ್ಮ ಕಾಸರಗೋಡು, ಬಂಟ್ವಾಳ ಕಡೆಯ ಗುಡ್ಡದ ಸುರಂಗಗಳು ಇದಕ್ಕಿಂತ ಸಣ್ಣವು, ಒಬ್ಬರೇ ಕೊರೆದವು. ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕೆಲಸಕ್ಕೆ. ತಂತ್ರ ಒಂದೇ ಜಾತಿ.

ಈಗ ಜಗಳದ ವಿಷಯಕ್ಕೆ ಬರೋಣ. 2022ರ ದಸರಾ ಮೆರವಣಿಗೆಯ ರಾತ್ರಿ ಗುಂಪೊಂದು ಗಾವಾನ್ ಮದ್ರಸದ ಆವರಣದೊಳಗೆ ನುಗ್ಗಿ ಪೂಜೆ ಮಾಡಿತು. ಒಂಬತ್ತು ಜನರ ಮೇಲೆ ಪ್ರಕರಣ ದಾಖಲಾಯಿತು. ದೇಶವೆಲ್ಲ ಸುದ್ದಿ ಆಯಿತು. ಆ ಮೇಲೆ ವಕ್ಫ್ ವಿವಾದ. ವಿಜಯಪುರದಲ್ಲಿ ಗೋಲ್ ಗುಂಬಝ್, ಇಬ್ರಾಹೀಂ ರೋಝಾ ಸೇರಿದಂತೆ ಪುರಾತತ್ವ ಇಲಾಖೆಯ 43 ಸ್ಮಾರಕಗಳು ವಕ್ಫ್ ಪಟ್ಟಿಯಲ್ಲಿವೆ ಎಂದು 2024ರಲ್ಲಿ ಪತ್ರಿಕೆಗಳು ಬರೆದವು. ಬೀದರ್ ಕೋಟೆಯ 17 ಸ್ಮಾರಕಗಳ ಹೆಸರೂ ಬಂತು. ಹೊಸ ಕಾಯ್ದೆಯ 3ಡಿ ಕಲಂ ಇದಕ್ಕೇ ಬರೆದದ್ದು. ವಕ್ಫ್ ಎಂದು ಘೋಷಿಸುವಾಗ ಆ ಕಟ್ಟಡ ಸಂರಕ್ಷಿತ ಸ್ಮಾರಕ ಆಗಿದ್ದರೆ ಘೋಷಣೆಯೇ ಅಸಿಂಧು. ಸುಪ್ರೀಂ ಕೋರ್ಟ್ ಈ ಕಲಂಗೆ ತಡೆ ಕೊಡಲಿಲ್ಲ. ಸ್ಮಾರಕಗಳ ಕಾಯ್ದೆಯಲ್ಲೇ ಧಾರ್ಮಿಕ ಆಚರಣೆ ಮುಂದುವರಿಸಲು ಅವಕಾಶ ಇದೆಯಲ್ಲ ಎಂದಿತು.

ನನ್ನ ಅಭಿಪ್ರಾಯ ಹೇಳುವುದಾದರೆ, ಒಂದು ಕಟ್ಟಡ ಅಲ್ಲಾಹನ ಹೆಸರಿಗೆ ಬಿಟ್ಟದ್ದೂ ಆಗಬಹುದು, ದೇಶ ಕಾಪಾಡಬೇಕಾದ ಸ್ಮಾರಕವೂ ಆಗಬಹುದು. ಎರಡಕ್ಕೂ ಜಗಳ ಹಚ್ಚಬೇಕಾಗಿರಲಿಲ್ಲ. 3ಡಿ ನನಗೆ ನ್ಯಾಯ ಅನಿಸುವುದಿಲ್ಲ. ಆದರೆ ನಾವು ಕೇಳಿಕೊಳ್ಳಬೇಕಾದದ್ದೂ ಇದೆ. ಪಟ್ಟಿಯಲ್ಲಿ ಹೆಸರು ಇದ್ದಷ್ಟು ವರ್ಷ ಅವುಗಳ ಗೋಡೆಯ ಬರಹ ಓದಿಸಿ, ಕನ್ನಡಕ್ಕೆ ತಂದು, ಒಂದು ಫಲಕ ಹಾಕಿಸಬೇಕು ಅಂತ ನಮಗೆ ಯಾಕೆ ಹೊಳೆಯಲಿಲ್ಲ? ಬೀದರ್‌ನ ಶಾಸನಗಳನ್ನು ಓದಿ ದಾಖಲಿಸಿದ ದೊಡ್ಡ ಪುಸ್ತಕ ಬಂದದ್ದು 1947ರಲ್ಲಿ, ಬರೆದವರು ಹೈದರಾಬಾದ್ ಸಂಸ್ಥಾನದ ಪುರಾತತ್ವ ನಿರ್ದೇಶಕರಾಗಿದ್ದ ಗುಲಾಂ ಯಝ್ದಾನಿ. ಅದು ಇಂಗ್ಲಿಷಿನಲ್ಲಿದೆ.

ಓದದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ವಿಜಯಪುರದ ಹೊನವಾಡವೇ ಸಾಕ್ಷಿ. 2024ರ ಅಕ್ಟೋಬರ್‌ನಲ್ಲಿ ಅಲ್ಲಿಯ ರೈತರ ಜಮೀನು ವಕ್ಫ್ ಆಗುತ್ತದೆ ಎಂದು ರಾಜ್ಯವೇ ಹೊತ್ತಿಕೊಂಡಿತು. ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ಕೊಟ್ಟ ವಿವರಣೆ ಏನು? 1974ರ ಗಝೆಟ್‌ನಲ್ಲಿ ಮಹಾಲಬಾಗಾಯತ್ ಎಂಬ ಹೆಸರಿನ ಪಕ್ಕದ ಕಂಸದಲ್ಲಿ ಹೊನವಾಡ ಎಂದು ತಪ್ಪಾಗಿ ಸೇರಿತ್ತು, 1977ರಲ್ಲೇ ತಿದ್ದಿ ಆಗಿತ್ತು. ಕಂಸದೊಳಗಿನ ಒಂದು ಹೆಸರು! ಐವತ್ತು ವರ್ಷದ ನಂತರ ರೈತರ ನಿದ್ದೆ ಕೆಡಿಸಿತು, ನಮ್ಮನ್ನೆಲ್ಲ ಭೂಗಳ್ಳರೆಂದು ಟಿವಿಯಲ್ಲಿ ಕರೆಸಿತು. ಕೊನೆಗೆ ಮುಖ್ಯಮಂತ್ರಿ ನೋಟಿಸುಗಳನ್ನೆಲ್ಲ ಹಿಂಪಡೆಯಲು ಹೇಳಬೇಕಾಯಿತು. ಇಷ್ಟೆಲ್ಲ ಆದದ್ದು ಕನ್ನಡ, ಇಂಗ್ಲಿಷ್ ಬಲ್ಲ ಕಚೇರಿಯ ಕಾಗದದಿಂದ. ಯಾರೂ ಓದಲಾರದ ಶಿಕಸ್ತ ಬರಹದ ಕಾಗದದಲ್ಲಿ ಏನೇನು ಕೂತಿದೆಯೋ.

ಮಹಮೂದ್ ಗಾವಾನರ ಜೀವ ಹೋದದ್ದೂ ಒಂದು ಕಾಗದದಿಂದಲೇ. ಆಗದವರು ಅವರ ಮೊಹರು ಕಾಯುವವನಿಗೆ ಕುಡಿಸಿ, ಖಾಲಿ ಹಾಳೆಗೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಬರೆದರು. ಸುಲ್ತಾನ ವಿಚಾರಣೆ ಮಾಡಲಿಲ್ಲ, ಮೊಹರು ನೋಡಿ ತಲೆ ತೆಗೆಸಿದ. ಅದು 1481ರ ಏಪ್ರಿಲ್ 5. ಹೊಸ ವಕ್ಫ್ ಕಾಯ್ದೆಗೆ ಸಹಿ ಬಿದ್ದದ್ದೂ ಏಪ್ರಿಲ್ 5. ಸುಮ್ಮನೆ ಕಾಕತಾಳೀಯ, ಅರ್ಥ ಹುಡುಕಬೇಡಿ, ನನಗೆ ಬೀದರ್‌ನಲ್ಲಿ ನೆನಪಾಯಿತು ಅಷ್ಟೇ.

ಫಾರ್ಸಿ ಕಲಿಯಲು ದಾರಿ ಇದೆಯೇ? ಸರಕಾರದ ಮಾತು ಕೇಳಿದರೆ ಇರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪಾಲಿ, ಪ್ರಾಕೃತದ ಜೊತೆ ಫಾರ್ಸಿಯ ಹೆಸರಿದೆ. 2024ರ ಜನವರಿಯಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಟೆಹರಾನ್‌ನಲ್ಲಿ ನಿಂತು, ಫಾರ್ಸಿಯನ್ನು ಶಿಕ್ಷಣ ನೀತಿಯಡಿ ಭಾರತದ ಒಂಬತ್ತು ಶಾಸ್ತ್ರೀಯ ಭಾಷೆಗಳಲ್ಲಿ ಸೇರಿಸಿದ್ದೇವೆ ಎಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಶಾಸ್ತ್ರೀಯ ಭಾಷೆಗಳ ಪಟ್ಟಿಯನ್ನು ಹನ್ನೊಂದಕ್ಕೆ ಏರಿಸಿದಾಗ ಪಾಲಿ, ಪ್ರಾಕೃತ ಇದ್ದವು, ಫಾರ್ಸಿ ಇರಲಿಲ್ಲ. ಟೆಹರಾನ್‌ಗೊಂದು ಮಾತು, ದಿಲ್ಲಿಗೊಂದು ಪಟ್ಟಿ. 2025ರ ಬಜೆಟ್‌ನಲ್ಲಿ ಘೋಷಿಸಿದ ಜ್ಞಾನ ಭಾರತಂ ಯೋಜನೆ ಒಂದು ಕೋಟಿಗೂ ಮಿಕ್ಕಿ ಹಸ್ತಪ್ರತಿಗಳನ್ನು ಗುರುತಿಸಿ ಕಾಪಾಡುತ್ತದಂತೆ. ನಮ್ಮ ಟ್ರಂಕುಗಳು ಅದರ ಲೆಕ್ಕಕ್ಕೆ ಬರಬೇಕಾದರೆ ಟ್ರಂಕು ತೆರೆಯುವವರು ಮೊದಲು ಮನಸ್ಸು ಮಾಡಬೇಕು. ಪುರಾತತ್ವ ಇಲಾಖೆಯಲ್ಲಿ ಅರಬಿ ಮತ್ತು ಫಾರ್ಸಿ ಶಾಸನಗಳಿಗೇ ಒಂದು ಶಾಖೆ ನಾಗಪುರದಲ್ಲಿದೆ. ಹೈದರಾಬಾದಿನ ಉಸ್ಮಾನಿಯಾ ಮತ್ತು ಮೌಲಾನಾ ಆಝಾದ್ ವಿಶ್ವವಿದ್ಯಾನಿಲಯಗಳಲ್ಲಿ ಫಾರ್ಸಿ ವಿಭಾಗ ಇದೆ. ಬೀದರ್‌ಗೆ ಹೈದರಾಬಾದ್ ಪಕ್ಕದ ಊರು. ಪಿಯುಸಿ ಮುಗಿಸಿದ ನಮ್ಮ ಹುಡುಗರಿಗೆ ಇಂಥದ್ದೊಂದು ಓದು ಇದೆ ಎಂದು ಯಾರಾದರೂ ಹೇಳಿದ್ದಾರಾ? ನನಗೂ ಆ ವಯಸ್ಸಿನಲ್ಲಿ ಯಾರೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ ಗೆಳೆಯರ ಮೂಲಕ ಹೈದರಾಬಾದಿನ ನಿವೃತ್ತ ಫಾರ್ಸಿ ಅಧ್ಯಾಪಕರೊಬ್ಬರು ಸಿಕ್ಕಿದರು. ಕಾಗದದ ಫೋಟೊ ವಾಟ್ಸಾಪಿನಲ್ಲಿ ಕಳಿಸಿದೆ. ಹನ್ನೊಂದು ದಿನ ತೆಗೆದುಕೊಂಡರು. ಒಂದು ಪೈಸೆ ಕೇಳಲಿಲ್ಲ, ದುಆ ಮಾಡಿ ಎಂದರು. ಮೊಹರಿನ ಹೆಸರು ಅಳಿಸಿದೆ. ತಾರೀಕಿನಲ್ಲಿ ತಿಂಗಳು ಮತ್ತು ಆಳ್ವಿಕೆಯ ವರ್ಷ ಇದೆ, ಯಾರ ಆಳ್ವಿಕೆ ಎಂದಿಲ್ಲ. ಮಸೀದಿ ಮತ್ತು ದರ್ಗಾದ ದೀಪದ ಎಣ್ಣೆಗೂ, ದಾರಿಹೋಕರಿಗೆ ನೀರು ಮತ್ತು ಊಟಕ್ಕೂ ಒಂದು ತುಂಡು ಖುಷ್ಕಿ ಜಮೀನು ಬಿಟ್ಟಿದೆ. ನೋಡಿಕೊಳ್ಳುವವನು ರಾಜ್ಯದ ಒಳಿತಿಗೆ ದುಆ ಮಾಡುತ್ತಿರಬೇಕು. ಮೂಡಣಕ್ಕೆ ಬಾವಿ, ಪಡುವಣಕ್ಕೆ ಗೌಡರ ಹೊಲ, ಬಡಗಣಕ್ಕೆ ಹಳ್ಳ, ತೆಂಕಣಕ್ಕೆ ಕಾಲುದಾರಿ.

ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ಬೀಗರು ಬಹಳ ಹೊತ್ತು ಸುಮ್ಮನಿದ್ದರು. ಅವರ ಮನೆಯಲ್ಲಿ ನಂಬಿಕೊಂಡು ಬಂದದ್ದು ತಾತನಿಗೆ ಸಿಕ್ಕ ಇನಾಮು ಎಂದು. ಕಾಗದದಲ್ಲಿ ತಾತನ ಹೆಸರಿಲ್ಲ, ದೀಪ ಇದೆ, ದಾರಿಹೋಕ ಇದ್ದಾನೆ. ಇನ್ನೊಂದು, ತೆಂಕಣ ದಿಕ್ಕಿನ ಪಟ್ಟಿಗಾಗಿ ಪಕ್ಕದ ಲಿಂಗಾಯತ ರೈತರ ಜೊತೆ ಮೂವತ್ತು ವರ್ಷದಿಂದ ಮಾತಿಲ್ಲ. ಕಾಗದದ ಪ್ರಕಾರ ಕಾಲುದಾರಿಯೇ ಗಡಿ. ದಾರಿಯಾಚೆಯದ್ದು ಅವರದ್ದು.

ಟ್ರಂಕುಗಳು ಯಾಕೆ ತೆರೆಯುವುದಿಲ್ಲ ಎಂಬುದು ನನಗೆ ಆವಾಗ ಅರ್ಥ ಆಯಿತು. ಓದಲು ಬರುವುದಿಲ್ಲ ಎಂಬುದು ಅರ್ಧ ಕಾರಣ. ಓದಿದರೆ ಏನು ಹೊರಗೆ ಬರುತ್ತದೋ ಎಂಬ ಹೆದರಿಕೆ ಇನ್ನರ್ಧ. ಸರಕಾರ ನಮ್ಮ ವಕ್ಫ್ ಕಿತ್ತುಕೊಳ್ಳುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ವಕ್ಫ್ ಮಾಡಿದವರ ಮಾತೇ ನಮ್ಮ ಕೈ ಹಿಡಿಯುತ್ತದೆ ಎಂಬ ಭಯವೂ ನಮ್ಮಲ್ಲಿದೆ, ಅದನ್ನು ಯಾವ ಸಭೆಯಲ್ಲೂ ಯಾರೂ ಹೇಳುವುದಿಲ್ಲ.

ನವೆಂಬರ್ ಕೊನೆಯ ವಾರ ಬೀಗರ ಮಗ ಸೈಬರ್ ಅಂಗಡಿಯಲ್ಲಿ ಕೂತು ಪೋರ್ಟಲ್‌ಗೆ ವಿವರ ಏರಿಸಿದ. ಕಾಗದದ ಸ್ಕ್ಯಾನ್ ಹಾಕಿದ್ದಾರೆ. ಪರಿಶೀಲನೆ ಇನ್ನೂ ಮುಗಿದಿಲ್ಲ. "ಕನ್ನಡದ ಅನುವಾದವನ್ನೂ ಜೊತೆಗೆ ಕೊಡಿ, ಇದು ಅಮಾನತ್ತು" ಎಂದೆ. "ಕಾಗದ ಹಾಕೀವಲ್ಲ ಉಸ್ತಾದ್ರೆ. ಅದನ್ನ ಅಲ್ಲಿ ಯಾರು ಓದ್ತಾರ?" ಎಂದರು. ಒತ್ತಾಯ ಮಾಡಿದೆ. "ನೋಡೋಣ" ಎಂದಿದ್ದಾರೆ. ಅನುವಾದದ ಹಾಳೆ ಈಗ ಅದೇ ಹಸಿರು ಬಟ್ಟೆಯೊಳಗೆ ಇದೆ ಎಂದು ಅಕ್ಕನ ಮಗಳು ಹೇಳಿದಳು.

ಅರಬಿಯಲ್ಲಿ ಇಲ್ಲದ ನಾಲ್ಕು ಅಕ್ಷರ ಫಾರ್ಸಿಯಲ್ಲಿವೆ, ಪೆ, ಚೆ, ಝೆ, ಗಾಫ್. ಮಗ್ರಿಬ್ ಆದ ಮೇಲೆ ನಾನೂ ಮಗಳೂ ಫೋನಿನಲ್ಲಿ ಆ ಅಧ್ಯಾಪಕರ ಹತ್ತಿರ ವಾರಕ್ಕೆ ಎರಡು ದಿನ ಪಾಠ ಕೇಳುತ್ತಿದ್ದೇವೆ. ಅವಳು ನನಗಿಂತ ಮುಂದಿದ್ದಾಳೆ. ಮೊನ್ನೆ ಬೀಗರೇ ಫೋನ್ ಮಾಡಿದ್ದರು. ಅದೇ ಟ್ರಂಕಿನ ತಳದಲ್ಲಿ ಇನ್ನೂ ಎರಡು ಕಾಗದ ಇವೆಯಂತೆ.